ತಲೆಗೆ ಪೆಟ್ಟು, ಎದೆಯ ಮೇಲೆ ಪ್ರೋಬ್

ನಾನು ಅರಿವಳಿಕೆ ವೈದ್ಯ, ಬಳ್ಳಾರಿಯಲ್ಲಿ ಐಸಿಯು ನೋಡಿಕೊಳ್ಳುತ್ತೇನೆ. ತೋರಣಗಲ್ಲಿನ ಕಡೆ ಓಡುವ ಲಾರಿಗಳು, ರಾತ್ರಿ ಪಾಳಿ ಮುಗಿಸಿ ನಿದ್ದೆಗಣ್ಣಲ್ಲೇ ಬೈಕ್ ಹತ್ತುವ ಹುಡುಗರು, ತಲೆಯ ಬದಲು ಪೆಟ್ರೋಲ್ ಟ್ಯಾಂಕಿನ ಮೇಲೆ ಕೂತಿರುವ ಹೆಲ್ಮೆಟ್ಟು. ನಮ್ಮಲ್ಲಿ ತಲೆಪೆಟ್ಟಿನ ಕೇಸಿಗೆ ಬರವಿಲ್ಲ.

ಓದುವಾಗ ಕಲಿಸಿದ ಪಾಠ ಒಂದಿತ್ತು: ದೊಡ್ಡವರಲ್ಲಿ ಬರೀ ತಲೆಪೆಟ್ಟಿಗೆ ಬಿಪಿ ಬೀಳುವುದು ಅಪರೂಪ, ಬಿದ್ದಿದ್ದರೆ ಎಲ್ಲೋ ರಕ್ತ ಸೋರುತ್ತಿದೆ, ಹುಡುಕು. ಪಾಠ ತಪ್ಪಲ್ಲ. ಇವತ್ತಿಗೂ ಹೊಟ್ಟೆ, ಎದೆಗೂಡು, ಸೊಂಟದ ಮೂಳೆ ನೋಡಿದ ಮೇಲೆಯೇ ನನ್ನ ಮುಂದಿನ ಮಾತು. ಆದರೆ ಹುಡುಕಿಯೂ ಎಲ್ಲೂ ರಕ್ತ ಸಿಗದಿದ್ದರೆ? ಆಗೆಲ್ಲ ನಾನು ಇನ್ನೊಂದು ಬಾಟಲಿ ಸಲೈನ್ ಏರಿಸುತ್ತಿದ್ದೆ.

ಕುಡಿತಿನಿ ಕಡೆಯಿಂದ ಬಂದ ಒಬ್ಬ ಹುಡುಗ ಆ ಚಾಳಿ ಬಿಡಿಸಿದ. ಮಿದುಳಿನ ಹೊರಪದರದಡಿ ಹೆಪ್ಪುಗಟ್ಟಿದ ರಕ್ತವನ್ನು ನ್ಯೂರೋಸರ್ಜನ್ ತೆಗೆದು ನನ್ನ ಕೈಗೆ ಒಪ್ಪಿಸಿದ್ದರು. ಬಿಪಿ 84/50, ನಾಡಿ 128. ಹೊಟ್ಟೆಯಲ್ಲಿ ರಕ್ತವಿಲ್ಲ, ಎದೆಯಲ್ಲಿಲ್ಲ, ಸೊಂಟದ ಎಕ್ಸ್‌ರೇ ಸರಿಯಿದೆ. ಎರಡು ಲೀಟರ್ ಸಲೈನ್ ಹೋಯಿತು, ಬಿಪಿ ಜಗ್ಗಲಿಲ್ಲ. ಬದಲಿಗೆ ಆಮ್ಲಜನಕ ಇಳಿಯತೊಡಗಿ, ವೆಂಟಿಲೇಟರ್ ಕೊಳವೆಯಲ್ಲಿ ಗುಲಾಬಿ ನೊರೆ ಕಾಣಿಸಿತು. ಎದೆಯ ಮೇಲಿಟ್ಟು ಹೃದಯ ನೋಡುವ ಅಲ್ಟ್ರಾಸೌಂಡ್ ಪ್ರೋಬ್ ತೆಗೆದುಕೊಂಡದ್ದು ಆಮೇಲೆ. ಮೊದಲೇ ತೆಗೆದುಕೊಳ್ಳಬೇಕಿತ್ತು.

ಪರದೆಯಲ್ಲಿ ಕಂಡದ್ದು ವಿಚಿತ್ರ. ಮೈಗೆಲ್ಲ ರಕ್ತ ತಳ್ಳುವ ಎಡ ಹೃತ್ಕುಕ್ಷಿಯ ತುದಿ ಚೆನ್ನಾಗಿ ಹಿಂಡುತ್ತಿದೆ, ಬುಡ ಮತ್ತು ನಡುಭಾಗ ಮರಗಟ್ಟಿದಂತೆ ನಿಂತಿವೆ. ಕಣ್ಣಂದಾಜಿನಲ್ಲಿ ಎಜೆಕ್ಷನ್ ಫ್ರಾಕ್ಷನ್, ಅಂದರೆ ಒಂದು ಬಡಿತಕ್ಕೆ ಅಲ್ಲಿಂದ ಹೊರಹೋಗುವ ರಕ್ತದ ಪಾಲು, ಶೇಕಡಾ 30ರ ಆಸುಪಾಸು, 55ಕ್ಕೆ ಮೇಲಿರಬೇಕಾದದ್ದು. ಹೃದಯಾಘಾತವಾಗಿದ್ದರೆ ಯಾವುದೋ ಒಂದು ರಕ್ತನಾಳದ ಜಾಗ ಮಾತ್ರ ಸೋಲುತ್ತದೆ. ಇಲ್ಲಿ ಬುಡದ ಸುತ್ತಲೂ ಸೋತಿತ್ತು. ಶ್ವಾಸಕೋಶದ ಮೇಲಿಟ್ಟರೆ ಎರಡೂ ಕಡೆ ಮೇಲಿಂದ ಕೆಳಗಿಳಿಯುವ ಬಿಳಿ ಗೆರೆಗಳು, ಅಂದರೆ ನೀರು. ಇಸಿಜಿಯಲ್ಲಿ ಬಡಿತದ ಕೊನೆಗೆ ಬರುವ ಟಿ ಅಲೆ ತಲೆಕೆಳಗಾಗಿ, ಆ ಅಲೆ ಮುಗಿಯುವವರೆಗಿನ ಕ್ಯುಟಿ ಎಂಬ ಅವಧಿ ಉದ್ದವಾಗಿತ್ತು. ಹೃದಯದ ಸ್ನಾಯುವಿಗೆ ಹಾನಿಯಾದಾಗ ರಕ್ತದಲ್ಲಿ ಕಾಣುವ ಟ್ರೋಪೋನಿನ್ ಏರಿತ್ತು, ಆದರೆ ಹೃದಯ ಸೋತಷ್ಟು ಏರಿರಲಿಲ್ಲ.

ಮಿದುಳಿಗೆ ಜೋರು ಏಟು ಬಿದ್ದಾಗ ಮೈಯನ್ನು ತುರ್ತಿಗೆ ಸಜ್ಜುಗೊಳಿಸುವ ಸಿಂಪಥೆಟಿಕ್ ನರಗಳು ಒಮ್ಮೆಲೇ ಸಿಡಿದೇಳುತ್ತವೆ. ಹೃದಯದೊಳಗಿನ ನರತುದಿಗಳಿಂದ ನೋರ್‌ಅಡ್ರಿನಲಿನ್ ಎಂಬ ರಾಸಾಯನಿಕ ಸುರಿದು, ಸ್ನಾಯುಕೋಶಗಳಲ್ಲಿ ಕ್ಯಾಲ್ಸಿಯಂ ಮಿತಿಮೀರಿ, ಸ್ನಾಯು ಬಿಗಿದುಕೊಂಡು ಕಂಗೆಡುತ್ತದೆ. ಸತ್ತಿರುವುದಿಲ್ಲ, ದಂಗುಬಡಿದಿರುತ್ತದೆ. 1990ರಲ್ಲಿ ಜಪಾನಿನವರು ಆಕ್ಟೋಪಸ್ ಹಿಡಿಯುವ ಮಡಕೆಯ ಹೆಸರಿಟ್ಟ ಟಾಕೊತ್ಸುಬೊ ಎಂಬ ಹೃದಯದ ತೊಂದರೆ ಇದರದೇ ಬಳಗ. ಅಲ್ಲಿ ಸಾಮಾನ್ಯವಾಗಿ ತುದಿ ಉಬ್ಬುತ್ತದೆ, ಮಿದುಳುಪೆಟ್ಟಿನಲ್ಲಿ ಎಷ್ಟೋ ಸಲ ಬುಡವೇ ಸೋಲುತ್ತದೆ.

ಸಲೈನ್ ನಿಲ್ಲಿಸಿ, ರಕ್ತನಾಳ ಬಿಗಿದು ಬಿಪಿ ಏರಲೆಂದು ನೋರ್‌ಅಡ್ರಿನಲಿನ್ ಹನಿ ಹಚ್ಚಿದೆ, ಜೊತೆಗೆ ಹೃದಯ ಜೋರಾಗಿ ಹಿಂಡಲೆಂದು ಒಂದಿಷ್ಟು ಡೊಬುಟಮಿನ್. ಊದಿದ ಮಿದುಳಿಗೆ ರಕ್ತ ನುಗ್ಗಬೇಕಾದರೆ ಸರಾಸರಿ ಬಿಪಿಯಿಂದ ತಲೆಬುರುಡೆಯೊಳಗಿನ ಒತ್ತಡ ಕಳೆದು 60ರಿಂದ 70 ಉಳಿಯಬೇಕು. ಆ ಒತ್ತಡ ಅಳೆಯುವ ತಂತಿ ನಮ್ಮಲ್ಲಿರಲಿಲ್ಲ. ಅದಕ್ಕೇ ತಲೆಪೆಟ್ಟಿನ 2016ರ ಮಾರ್ಗಸೂಚಿ ಈ ವಯಸ್ಸಿನವರಿಗೆ ಹೇಳುವ ಸಿಸ್ಟಾಲಿಕ್, ಅಂದರೆ ಬಿಪಿಯ ಮೇಲಿನ ಅಂಕಿ, 110ನ್ನು ಗಟ್ಟಿಯಾಗಿ ಹಿಡಿದುಕೊಂಡೆ.

ಆ ಹೊತ್ತಿನಲ್ಲೇ ಹುಡುಗನ ಅಜ್ಜ ಬಾಗಿಲ ಸಂದಿಯಿಂದ ಕೇಳಿದ್ದು: “ತಲಿಗೆ ಪೆಟ್ಟು ಬಿದ್ದೈತಿ, ಎದಿ ಯಾಕ ನೋಡಾಕತ್ತೀರಿ ಸರ?”

ಮಾಡುವ ಕೆಲಸ ಪುಸ್ತಕದಲ್ಲಿರುವಷ್ಟು ನೆಟ್ಟಗಿಲ್ಲ. ಎಕೋಗೆ, ಅಂದರೆ ಹೃದಯದ ಅಲ್ಟ್ರಾಸೌಂಡಿಗೆ, ಎಡಮಗ್ಗುಲಾಗಿ ಮಲಗಿಸಬೇಕು ಅನ್ನುತ್ತಾರೆ. ಕೊರಳಿಗೆ ಕಾಲರ್ ಹಾಕಿದವನನ್ನು ಹೇಗೆ ಹೊರಳಿಸುವುದು? ವೆಂಟಿಲೇಟರ್ ಗಾಳಿಗೆ ಉಬ್ಬಿದ ಶ್ವಾಸಕೋಶ ಹೃದಯವನ್ನು ಮುಚ್ಚಿಬಿಡುತ್ತದೆ. ನನ್ನ ಕೈ ಹಿಡಿದದ್ದು ಪಕ್ಕೆಲುಬಿನ ಕೆಳಗಿನ ಕಿಟಕಿ: ಪ್ರೋಬನ್ನು ಹೆಚ್ಚುಕಡಿಮೆ ಮಲಗಿಸಿ, ಎದೆಮೂಳೆಯ ತುದಿಯಿಂದ ಎಡಭುಜದ ಕಡೆ ನೋಡುವುದು. ಚಿತ್ರ ಚೆನ್ನಾಗಿ ಬರಲೆಂದು ಮೊದಮೊದಲು ಹಾಸಿಗೆಯನ್ನು ಪೂರ್ತಿ ಮಟ್ಟ ಮಾಡುತ್ತಿದ್ದೆ. ತಲೆಪೆಟ್ಟಿನವನ ತಲೆ 30 ಡಿಗ್ರಿ ಮೇಲಿರಬೇಕೆಂದು ಸಿಸ್ಟರ್ ನೆನಪಿಸಿದ ಮೇಲೆ ನಾಚಿಕೆಯಾಗಿ ಬಿಟ್ಟೆ. ಈಗ ಇದ್ದ ಭಂಗಿಯಲ್ಲೇ ಹುಡುಕುತ್ತೇನೆ. ಉಸಿರು ಹೊರಬಿಟ್ಟ ಕೊನೆಯಲ್ಲಿ ಚಿತ್ರ ಹಿಡಿಯುತ್ತೇನೆ.

ಯಂತ್ರದ್ದೇ ಬೇರೆ ಕಥೆ. ಲಿಂಗಪತ್ತೆ ತಡೆಯುವ 1994ರ ಕಾಯ್ದೆಯಡಿ ಹೃದಯ ನೋಡುವ ಅಲ್ಟ್ರಾಸೌಂಡ್ ಯಂತ್ರಕ್ಕೂ ನೋಂದಣಿ ಬೇಕು. ಗಂಡಸರೇ ತುಂಬಿದ ನಮ್ಮ ವಾರ್ಡಿನ ಗೋಡೆಯಲ್ಲೂ “ಭ್ರೂಣದ ಲಿಂಗ ತಿಳಿಸಲಾಗುವುದಿಲ್ಲ” ಎಂಬ ಬೋರ್ಡು.

ಒಂದು ತಪ್ಪನ್ನೂ ಹೇಳಿಬಿಡುತ್ತೇನೆ. ಹೃದಯದಿಂದ ಹೊರಹೋಗುವ ರಕ್ತದ ವೇಗವನ್ನು ಡಾಪ್ಲರ್ ಎಂಬ ಅಲ್ಟ್ರಾಸೌಂಡ್ ವಿಧಾನದಲ್ಲಿ ಅಳೆದಾಗ ವಿಟಿಐ, ಅಂದರೆ ಒಂದು ಬಡಿತಕ್ಕೆ ರಕ್ತ ಸಾಗುವ ದೂರ, ಸಾಮಾನ್ಯವಾಗಿ 18ರಿಂದ 22 ಸೆಂಟಿಮೀಟರ್ ಬರಬೇಕು. ಇನ್ನೊಬ್ಬ ರೋಗಿಯಲ್ಲಿ ನನಗೆ 11 ಬಂತು. ಇದೂ ಅದೇ ಎಂದು ಡೊಬುಟಮಿನ್ ಹಚ್ಚಿದೆ, ನಾಡಿ 150 ದಾಟಿತು. ಹೃದ್ರೋಗ ತಜ್ಞರು ಬಂದು ಎದೆಯ ತುದಿಯಿಂದ ಅಳೆದರೆ 19! ಪಕ್ಕೆಲುಬಿನ ಕೆಳಗಿನಿಂದ ನನ್ನ ಡಾಪ್ಲರ್ ಗೆರೆ ರಕ್ತದ ಹರಿವಿಗೆ ಓರೆಯಾಗಿ ಬಿದ್ದಿತ್ತು. ಓರೆ ಹೆಚ್ಚಿದಷ್ಟೂ ಅಂಕಿ ಕಡಿಮೆಯಾಗುತ್ತದೆ. ಆ ರೋಗಿಯ ಹೃದಯಕ್ಕೆ ಏನೂ ಆಗಿರಲಿಲ್ಲ. ಮಿದುಳಿನ ಊತ ಇಳಿಸಲು ಮ್ಯಾನಿಟಾಲ್ ಕೊಟ್ಟು ಮೂತ್ರ ಹೋಗಿ ಹೋಗಿ ಮೈ ಒಣಗಿತ್ತು. ಗೋಡೆಗಳು ಒಂದಕ್ಕೊಂದು ಮುತ್ತಿಡುವಂತೆ ಹಿಂಡುತ್ತಿದ್ದದ್ದು ಕಣ್ಣೆದುರೇ ಇತ್ತು, ನಾನು ಅಂಕಿ ನಂಬಿದೆ. ಅವನಿಗೆ ಬೇಕಿದ್ದದ್ದು ಸಲೈನೇ.

ಎದೆಗೆ ಸ್ಟೀರಿಂಗ್ ಬಡಿದವರಲ್ಲಿ ಇನ್ನೊಂದು ಗೊಂದಲ: ಹೃದಯಕ್ಕೇ ನೇರ ಪೆಟ್ಟಾಗಿರಬಹುದು. ಆಗ ಮುಂದಿರುವ ಬಲ ಹೃತ್ಕುಕ್ಷಿ ಸೋತಿದೆಯೇ, ಸುತ್ತ ರಕ್ತ ನಿಂತಿದೆಯೇ ಎಂದು ಮೊದಲು ನೋಡುತ್ತೇನೆ.

ಆ ಹುಡುಗನಿಗೆ ಒಂದು ದಿನ ಬಿಟ್ಟು ಒಂದು ದಿನ ನಾನೇ ಎಕೋ ಮಾಡಿದೆ. ಮೂರನೇ ದಿನ ಎಜೆಕ್ಷನ್ ಫ್ರಾಕ್ಷನ್ 40, ಬುಡ ಸಣ್ಣಗೆ ಅಲುಗುತ್ತಿತ್ತು. ಐದನೇ ದಿನ ಡೊಬುಟಮಿನ್ ನಿಲ್ಲಿಸಿದೆವು. ಒಂಬತ್ತನೇ ದಿನ ಎಲ್ಲ ಗೋಡೆಗಳೂ ಒಟ್ಟಿಗೆ ಹಿಂಡುತ್ತಿದ್ದವು. ಆದರೆ ಅವನಿಗೆ ಎಡಗೈ ಏಳುತ್ತಿರಲಿಲ್ಲ, ಕರೆದರೆ ಕಣ್ಣಷ್ಟೇ ಬಿಡುತ್ತಿದ್ದ. ಅಜ್ಜನನ್ನು ಒಳಗೆ ಕರೆದು ಪರದೆ ತೋರಿಸಿ, ಹೃದಯ ಸರಿಹೋಯಿತು ಎಂದೆ. ಅವರು ಸ್ವಲ್ಪ ಹೊತ್ತು ನೋಡಿದರು.

“ಹಂಗಾರ ಇನ್ನ ತಲಿ ನೋಡ್ರಿ” ಅಂದರು.