ಟ್ರ್ಯಾಕ್ ಡ್ರೈವಿಂಗ್ ಸ್ಕೂಲ್ ಆರಿಸುವುದು ಹೇಗೆ? ಮೊದಲು ನಿಮಿಷ ಎಣಿಸಿ

ಟ್ರ್ಯಾಕ್ ಮೇಲೆ ಕಾರು ಓಡಿಸುವುದನ್ನು ಕಲಿಯೋಣ ಅಂತ ನಾನು ಮೊದಲ ಸಲ ಹೋದ ದಿನ, ಬೆಳಿಗ್ಗೆ ಏಳಕ್ಕೇ ಗೇಟಿನ ಮುಂದೆ ನಿಂತಿದ್ದೆ. ಹೊರಗೆ ಬಂದಾಗ ಸಂಜೆ ಐದೂವರೆ. ಅಷ್ಟು ಹೊತ್ತಿನಲ್ಲಿ ಸ್ಟೇರಿಂಗ್ ನನ್ನ ಕೈಗೆ ಸಿಕ್ಕಿದ್ದು ಬರೀ 18 ನಿಮಿಷ. ಉಳಿದದ್ದೆಲ್ಲ ಭಾಷಣ, ಸಾಲಿನಲ್ಲಿ ಕಾಯುವುದು, ಫೋಟೊ, ಮತ್ತೆ ಭಾಷಣ. ಕಾರು ಮಾತ್ರ ಭಾರಿ. 500 ಹಾರ್ಸ್‌ಪವರ್, ಕೆಂಪು ಬಣ್ಣ. ಮನೆಗೆ ಬಂದು ಎಲ್ಲರಿಗೂ ಫೋಟೊ ತೋರಿಸಿದೆ. 'ಏನು ಕಲಿತೆ?' ಅಂತ ತಮ್ಮ ಕೇಳಿದ. ಬಾಯಿಂದ ಮಾತೇ ಹೊರಡಲಿಲ್ಲ.

ಒಂದು ವರ್ಷ ಬಿಟ್ಟು ಇನ್ನೊಂದು ಕಡೆ ಹೋದೆ. ಅಲ್ಲಿ ಕೊಟ್ಟಿದ್ದು ಹಳೇ ಸಣ್ಣ ಹ್ಯಾಚ್‌ಬ್ಯಾಕ್. ಸೀಟಿನ ಬಟ್ಟೆ ಹರಿದಿತ್ತು, ಡ್ಯಾಶ್‌ಬೋರ್ಡ್ ಗಡಗಡ ಅನ್ನುತ್ತಿತ್ತು. ಆದರೆ ಅಲ್ಲಿ ಕಲಿತದ್ದು ಇವತ್ತಿಗೂ ಕೈಯಲ್ಲಿದೆ. ಹಾಗಾಗಿ ಯಾರಾದರೂ 'ಯಾವ ಸ್ಕೂಲಿಗೆ ಸೇರಲಿ?' ಅಂತ ಕೇಳಿದರೆ, ಕಾರಿನ ಮಾತು ಆಮೇಲೆ ಅನ್ನುತ್ತೇನೆ. ನಿಮ್ಮ ಪಕ್ಕದ ಸೀಟಿನಲ್ಲಿ ಯಾರು ಕೂರುತ್ತಾರೆ, ಎಷ್ಟು ಹೊತ್ತು ಕೂರುತ್ತಾರೆ, ಅದನ್ನು ಮೊದಲು ಕೇಳಿ.

ಮೊದಲ ಹೆಜ್ಜೆ: ಏನು ಬರುವುದಿಲ್ಲ ಅಂತ ಬರೆದಿಟ್ಟುಕೊಳ್ಳಿ

'ಇನ್ನೂ ಫಾಸ್ಟ್ ಆಗಬೇಕು' ಅಂತ ಬರೆದರೆ ಪ್ರಯೋಜನವಿಲ್ಲ. ಎಲ್ಲಿ ಎಡವುತ್ತಿದ್ದೀರಿ ಅನ್ನುವುದು ಗೊತ್ತಾಗಬೇಕು. ಜೋರಾಗಿ ಬ್ರೇಕ್ ಒತ್ತಲು ಕಾಲು ಹೆದರುತ್ತದಾ? ತಿರುವಿನ ಮಧ್ಯದಲ್ಲಿ ಸ್ಟೇರಿಂಗನ್ನು ಎರಡೆರಡು ಸಲ ತಿದ್ದುತ್ತೀರಾ? ಹಿಂದಿನ ಚಕ್ರ ಜಾರಿದರೆ ಕೈಕಾಲು ಆಡುವುದೇ ನಿಂತುಹೋಗುತ್ತದಾ? ಈ ಮೂರಕ್ಕೂ ಮದ್ದು ಬೇರೆ ಬೇರೆ.

ಇನ್ನೂ ಒಮ್ಮೆಯೂ ಟ್ರ್ಯಾಕಿಗೆ ಇಳಿದಿಲ್ಲ ಅಂದರೆ ಯೋಚನೆ ಬೇಡ. 'ನನಗೆ ಏನೂ ಬರುವುದಿಲ್ಲ' ಅಂತ ಬರೆಯಿರಿ. ಕಲಿಸುವವರಿಗೆ ಅಂಥವರೇ ಇಷ್ಟ. ಹತ್ತು ವರ್ಷ ಹೈವೇಯಲ್ಲಿ ಓಡಿಸಿ 'ನನಗೆ ಎಲ್ಲಾ ಬರುತ್ತೆ' ಅನ್ನುವವರಿಗೆ ಹಳೇ ಅಭ್ಯಾಸ ಬಿಡಿಸುವುದರಲ್ಲೇ ಅರ್ಧ ದಿನ ಹೋಗುತ್ತದೆ.

ಎರಡನೆಯದು: ಎಂಥ ಸ್ಕೂಲ್ ಅಂತ ಗುರುತಿಸಿ

ಎಲ್ಲದಕ್ಕೂ 'ಡ್ರೈವಿಂಗ್ ಸ್ಕೂಲ್' ಅನ್ನುವ ಒಂದೇ ಹೆಸರಿದ್ದರೂ ಒಳಗೆ ನಡೆಯುವುದು ಬೇರೆ ಬೇರೆ. ಕಾರು ಕಂಪನಿಗಳು ನಡೆಸುವ ತರಬೇತಿ ಒಂದು ಬಗೆ. ಬಿಎಂಡಬ್ಲ್ಯು 1977ರಿಂದಲೇ ಇಂಥದ್ದನ್ನು ನಡೆಸಿಕೊಂಡು ಬಂದಿದೆ. ಕಾರು ಅವರದ್ದೇ, ವ್ಯವಸ್ಥೆ ಅಚ್ಚುಕಟ್ಟು. ಆದರೆ ಕೆಲವು ಕಡೆ ಕಲಿಸುವುದಕ್ಕಿಂತ ಕಾರು ಮಾರುವ ಉಮೇದೇ ಜಾಸ್ತಿ ಕಾಣುತ್ತದೆ. ಇನ್ನೊಂದು ಬಗೆ ರೇಸಿಗೆ ತಯಾರು ಮಾಡುವ ಸ್ಕೂಲ್. ಅಮೆರಿಕದ ರೇಸರ್ ಸ್ಕಿಪ್ ಬಾರ್ಬರ್ 1975ರಲ್ಲಿ ಶುರು ಮಾಡಿದ ಸ್ಕೂಲ್ ಈ ಸಾಲಿನದ್ದು. ಮೂರನೆಯದು ನಿಮ್ಮ ಕಾರನ್ನೇ ತಂದು, ಪಕ್ಕದಲ್ಲಿ ಇನ್‌ಸ್ಟ್ರಕ್ಟರ್ ಕೂರಿಸಿಕೊಂಡು ಕಲಿಯುವ ಟ್ರ್ಯಾಕ್ ಡೇ. ನಾಲ್ಕನೆಯದಕ್ಕೆ ಟ್ರ್ಯಾಕೇ ಬೇಕಿಲ್ಲ. ಒದ್ದೆ ಮಾಡಿದ ಒಂದು ಬಯಲು, ಅಂದರೆ ಸ್ಕಿಡ್ ಪ್ಯಾಡ್, ಕೆಲವು ಕೋನ್‌ಗಳು, ಅಷ್ಟೇ.

ಈ ನಾಲ್ಕನೆಯದನ್ನೇ ಜನ ಕಡೆಗಣಿಸುವುದು. ನನ್ನನ್ನು ಕೇಳಿದರೆ ಶುರು ಮಾಡಬೇಕಾದದ್ದು ಅಲ್ಲಿಂದಲೇ. ಒದ್ದೆ ನೆಲದ ಮೇಲೆ 40 ಕಿ.ಮೀ. ವೇಗಕ್ಕೇ ಕಾರು ಜಾರುತ್ತದೆ. ಮುಂದಿನ ಚಕ್ರ ಹಿಡಿತ ಬಿಟ್ಟು ಕಾರು ನೇರ ಹೋಗುವುದು ಅಂಡರ್‌ಸ್ಟಿಯರ್. ಹಿಂಬದಿ ಹೊರಕ್ಕೆ ತೂರಿಕೊಂಡು ಬರುವುದು ಓವರ್‌ಸ್ಟಿಯರ್. ಓದಿದರೆ ಎರಡೇ ಸಾಲು. ಬೆನ್ನಿಗೆ ಗೊತ್ತಾಗಬೇಕು ಅಂದರೆ ಐವತ್ತು ಸಲ ಜಾರಬೇಕು. ಅಲ್ಲಿ ಜಾರಿದರೆ ಬೀಳುವುದು ಕೋನ್, ಕಾರಿಗೆ ಏನೂ ಆಗುವುದಿಲ್ಲ.

ಮೂರನೆಯದು: ಗಡಿಯಾರ ಹಿಡಿದು ಲೆಕ್ಕ ಹಾಕಿ

ಸ್ಕೂಲಿನವರಿಗೆ ಫೋನ್ ಮಾಡಿ ದಿನದ ವೇಳಾಪಟ್ಟಿ ಕೇಳಿ. ಕೊಡಲು ಹಿಂದೆಮುಂದೆ ನೋಡಿದರೆ ಅಲ್ಲೇ ಅರ್ಧ ಉತ್ತರ ಸಿಕ್ಕಿತು. ಕೊಟ್ಟರೆ ಹೀಗೆ ನೋಡಿ: 20 ನಿಮಿಷದ ನಾಲ್ಕು ಸೆಷನ್ ಅಂತ ಇದೆ ಅಂದುಕೊಳ್ಳಿ. ಒಟ್ಟು 80 ನಿಮಿಷ. ಪ್ರತಿ ಸೆಷನ್ನಿನ ಮೊದಲ ಲ್ಯಾಪ್, ಅಂದರೆ ಟ್ರ್ಯಾಕಿನ ಒಂದು ಸುತ್ತು, ಟೈರ್ ಬಿಸಿ ಮಾಡುವುದಕ್ಕೆ, ಕೊನೆಯದು ಬ್ರೇಕ್ ತಣ್ಣಗಾಗಿಸುವುದಕ್ಕೆ. ಲ್ಯಾಪಿಗೆ ಎರಡು ನಿಮಿಷ ಅಂದರೂ ಸೆಷನ್ನಿಗೆ ನಾಲ್ಕು ನಿಮಿಷ ಹೋಯಿತು. ಉಳಿದದ್ದು 64. ಒಂದು ಕಾರಿಗೆ ಇಬ್ಬರು ಅಂದರೆ ನಿಮ್ಮ ಪಾಲಿಗೆ 32. ಈ ಕೊನೆಯ ಅಂಕಿಯನ್ನು ಇಟ್ಟುಕೊಂಡು ಎರಡು ಸ್ಕೂಲ್ ಹೋಲಿಸಿ. ಕಡಿಮೆ ಫೀಸಿನ ಸ್ಕೂಲ್ ನಿಮಿಷದ ಲೆಕ್ಕದಲ್ಲಿ ದುಬಾರಿ ಅಂತ ಎಷ್ಟೋ ಸಲ ಗೊತ್ತಾಗುತ್ತದೆ.

ಟ್ರ್ಯಾಕ್ ಎಷ್ಟು ಉದ್ದ ಅನ್ನುವುದೂ ಇಲ್ಲಿ ಬರುತ್ತದೆ. ಜರ್ಮನಿಯ ನ್ಯೂರ್‌ಬರ್ಗ್‌ರಿಂಗ್ ಅಂದರೆ ಎಲ್ಲರಿಗೂ ಆಸೆ. 1927ರಲ್ಲಿ ತೆರೆದ ಟ್ರ್ಯಾಕ್ ಅದು. ಅದರ ನಾರ್ಡ್‌ಶ್ಲೈಫೆ ಭಾಗವೇ ಸುಮಾರು 20.8 ಕಿ.ಮೀ. ಒಂದು ಸುತ್ತಿಗೆ ಹತ್ತು ನಿಮಿಷ ಹಿಡಿದರೆ, 20 ನಿಮಿಷದಲ್ಲಿ ಒಂದು ತಿರುವು ನಿಮಗೆ ಸಿಗುವುದು ಎರಡೇ ಸಲ. ಮೂರು ಕಿ.ಮೀ. ಟ್ರ್ಯಾಕಿನಲ್ಲಿ ಅದೇ ಹೊತ್ತಿಗೆ ಹತ್ತು ಸಲ ಸಿಗುತ್ತದೆ. ತಪ್ಪು ಮಾಡಿ, ಎರಡು ನಿಮಿಷದಲ್ಲಿ ಅದೇ ಜಾಗಕ್ಕೆ ಬಂದು ತಿದ್ದಿಕೊಳ್ಳಬಹುದು. ಕಲಿಯುವವರಿಗೆ ಸಣ್ಣ ಟ್ರ್ಯಾಕೇ ವಾಸಿ. ದೊಡ್ಡದು ಎಲ್ಲಿಗೂ ಓಡಿಹೋಗುವುದಿಲ್ಲ.

ಕೆಲವು ಕಡೆ ಇನ್‌ಸ್ಟ್ರಕ್ಟರ್ ಮುಂದೆ ಒಂದು ಕಾರಿನಲ್ಲಿ ಹೋಗುತ್ತಾರೆ, ಕಲಿಯುವವರು ಬಾತುಕೋಳಿ ಮರಿಗಳ ಹಾಗೆ ಹಿಂದೆ ಹೋಗುತ್ತಾರೆ. ಇದು ಕೆಟ್ಟ ಪದ್ಧತಿಯೇನಲ್ಲ. ಆದರೆ ಇನ್‌ಸ್ಟ್ರಕ್ಟರ್ ಹಿಂದಿನ ಮೊದಲ ಕಾರಿಗೆ ಮಾತ್ರ ಸರಿಯಾದ ಲೈನ್, ಅಂದರೆ ಕಾರು ಹಿಡಿಯಬೇಕಾದ ದಾರಿ, ಕಾಣುವುದು. ಎರಡನೆಯವರು ಮೊದಲನೆಯವರ ತಪ್ಪನ್ನು ನಕಲು ಮಾಡುತ್ತಾರೆ, ಐದನೆಯವರು ನಾಲ್ಕು ಜನರ ತಪ್ಪನ್ನು ಸೇರಿಸಿ ಮಾಡುತ್ತಾರೆ. 'ಲ್ಯಾಪಿಗೊಮ್ಮೆ ಕಾರುಗಳ ಸರದಿ ಬದಲಾಯಿಸುತ್ತೀರಾ? ಹಿಂದೆ ಎಷ್ಟು ಕಾರು ಇರುತ್ತವೆ?' ಅಂತ ಕೇಳಿ. ಮೂರು ಅಂದರೆ ಸರಿ. ಆರು ಅಂದರೆ ಬೇರೆ ಸ್ಕೂಲ್ ನೋಡಿ.

ನಾಲ್ಕನೆಯದು: ಇನ್‌ಸ್ಟ್ರಕ್ಟರ್ ಯಾರು?

ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ.

ರೇಸ್ ಗೆದ್ದವರೆಲ್ಲ ಕಲಿಸಬಲ್ಲರು ಅಂತ ಏನಿಲ್ಲ. ಎರಡೂ ಬಂದವರು ಇದ್ದಾರೆ. ಅಮೆರಿಕದ ರೇಸರ್ ಬಾಬ್ ಬಾಂಡುರಾಂಟ್ 1964ರ ಲೆ ಮಾನ್ಸ್ 24 ಗಂಟೆ ರೇಸಿನಲ್ಲಿ ಡಾನ್ ಗರ್ನಿ ಜೊತೆ ಜಿಟಿ ವಿಭಾಗ ಗೆದ್ದವರು. 1967ರಲ್ಲಿ ವಾಟ್ಕಿನ್ಸ್ ಗ್ಲೆನ್‌ನಲ್ಲಿ ದೊಡ್ಡ ಅಪಘಾತವಾಯಿತು. ಮರುವರ್ಷ ಸ್ಕೂಲ್ ತೆರೆದು, ಮುಂದೆ ದಶಕಗಳ ಕಾಲ ಕಲಿಸಿದರು. ಆದರೆ ಹುಟ್ಟಾ ವೇಗ ಇರುವ ಎಷ್ಟೋ ಜನಕ್ಕೆ ತಾವು ಏನು ಮಾಡುತ್ತೇವೆ ಅಂತ ಬಾಯಿಬಿಟ್ಟು ಹೇಳಲು ಬರುವುದಿಲ್ಲ. 'ಸುಮ್ನೆ ಫೀಲ್ ಮಾಡಿ' ಅಂತಾರೆ. ಏನನ್ನು ಫೀಲ್ ಮಾಡುವುದು?

ಒಳ್ಳೆಯವರು ಹೇಗಿರುತ್ತಾರೆ ಅಂತ ಹೇಳುತ್ತೇನೆ. ಆ ಹಳೇ ಹ್ಯಾಚ್‌ಬ್ಯಾಕಿನಲ್ಲಿ ನನ್ನ ಪಕ್ಕ ಕೂತವರಿಗೆ ಅರವತ್ತರ ಹತ್ತಿರ ವಯಸ್ಸು. ಎರಡು ಹೆಲ್ಮೆಟ್‌ಗೂ ಇಂಟರ್‌ಕಾಮ್ ಇತ್ತು. ಮೊದಲ ಎರಡು ಲ್ಯಾಪ್ ಒಂದು ಮಾತೂ ಆಡಲಿಲ್ಲ. ನಾನು ಸರಿಯಾಗಿ ಓಡಿಸುತ್ತಿದ್ದೇನೆ ಅಂತ ಒಳಗೊಳಗೇ ಬೀಗುತ್ತಿದ್ದೆ. ಮೂರನೇ ಲ್ಯಾಪಿನಲ್ಲಿ, ಬಲ ತಿರುವಿಗೆ ಬ್ರೇಕ್ ಒತ್ತುತ್ತಿದ್ದಾಗ, ಮೆಲ್ಲಗೆ ಕೇಳಿದರು: 'ಈಗ ಎಲ್ಲಿ ನೋಡ್ತಾ ಇದ್ದೀರಿ?' ನಾನು ನೋಡುತ್ತಿದ್ದದ್ದು ಬಾನೆಟ್ಟಿನಿಂದ ಹತ್ತು ಮೀಟರ್ ಮುಂದಿನ ಡಾಂಬರು. 'ತಿರುವಿನ ಒಳ ಅಂಚಿನಲ್ಲಿ ಕೆಂಪು ಬಿಳಿ ಪಟ್ಟೆ ಇದೆ ಅಲ್ವಾ, ಅದನ್ನು ನೋಡಿ. ಅದು ಸಿಕ್ಕಿದ ಕೂಡಲೇ ಹೊರಗೆ ಹೋಗುವ ಜಾಗ ನೋಡಿ. ಕೈಯನ್ನು ಮರೆತುಬಿಡಿ.' ಅಷ್ಟೇ. ಮುಂದಿನ ಲ್ಯಾಪಿನಲ್ಲಿ ಅದೇ ತಿರುವಿನಲ್ಲಿ ಸ್ಟೇರಿಂಗನ್ನು ಒಂದೇ ಸಲ ತಿರುಗಿಸಿದ್ದೆ, ತಿದ್ದಲೇ ಇಲ್ಲ. ಇಡೀ ಬೆಳಿಗ್ಗೆ ಅವರು ಹೇಳಿದ್ದು ಅದೊಂದೇ ವಿಷಯ. ಅಪೆಕ್ಸ್ (ತಿರುವಿನ ಒಳ ಅಂಚಿಗೆ ಕಾರು ತೀರಾ ಹತ್ತಿರ ಬರುವ ಜಾಗ), ಟ್ರೇಲ್ ಬ್ರೇಕಿಂಗ್ (ತಿರುವಿಗೆ ಇಳಿಯುತ್ತಾ ಬ್ರೇಕನ್ನು ಮೆಲ್ಲಗೆ ಬಿಡುವುದು) ಎಲ್ಲ ಮಧ್ಯಾಹ್ನದ ಮೇಲೆ.

ಇದಕ್ಕೆ ಕಾರಣ ಇದೆ. 140 ಕಿ.ಮೀ. ವೇಗದಲ್ಲಿ ಕಾರು ಒಂದು ಸೆಕೆಂಡಿಗೆ ಸುಮಾರು 39 ಮೀಟರ್ ಹೋಗುತ್ತದೆ. ಹತ್ತು ಮೀಟರ್ ದೂರ ನೋಡುತ್ತಿದ್ದರೆ, ಕಂಡದ್ದನ್ನು ಮನಸ್ಸು ಅರ್ಥ ಮಾಡಿಕೊಳ್ಳುವಷ್ಟರಲ್ಲಿ ಆ ಜಾಗ ಹಿಂದೆ ಹೋಗಿರುತ್ತದೆ.

ಹಾಗಾಗಿ ಸ್ಕೂಲಿಗೆ ಕೇಳಬೇಕಾದದ್ದು ಇಷ್ಟು. ಇನ್‌ಸ್ಟ್ರಕ್ಟರ್ ದಿನವಿಡೀ ಒಬ್ಬರೇನಾ, ಸೆಷನ್ನಿಗೊಬ್ಬರಾ? ಸೆಷನ್ ಮುಗಿದ ಮೇಲೆ ಕೂತು ಮಾತಾಡುತ್ತಾರಾ? ಕಾರಿನಲ್ಲಿ ಜಿಪಿಎಸ್ ಲಾಗರ್ (ಕಾರು ಎಲ್ಲಿ ಎಷ್ಟು ವೇಗದಲ್ಲಿತ್ತು ಅಂತ ದಾಖಲಿಸುವ ಸಾಧನ) ಅಥವಾ ಕ್ಯಾಮೆರಾ ಇದೆಯಾ? ಲಾಗರ್ ಬಹಳ ನಿಷ್ಠುರ. 'ಆ ತಿರುವಿನಲ್ಲಿ ಬ್ರೇಕೇ ಒತ್ತಿಲ್ಲ' ಅಂತ ನೀವು ಆಣೆ ಮಾಡಿದರೂ, ಗ್ರಾಫಿನಲ್ಲಿ ವೇಗದ ಗೆರೆ ಎಲ್ಲಿ ಕುಸಿದಿದೆ ಅಂತ ತೋರಿಸಿಬಿಡುತ್ತದೆ.

ಆಗಲೇ ಅಲ್ಲಿ ಕಲಿತವರು ಸಿಕ್ಕಿದರೆ 'ಚೆನ್ನಾಗಿತ್ತಾ?' ಅಂತ ಕೇಳಬೇಡಿ. ಎಲ್ಲರೂ ಸೂಪರ್ ಅಂತಲೇ ಹೇಳುತ್ತಾರೆ. 'ಅಲ್ಲಿಗೆ ಹೋಗಿ ಬಂದ ಮೇಲೆ ಯಾವ ಅಭ್ಯಾಸ ಬದಲಾಯಿತು?' ಅಂತ ಕೇಳಿ. ಥಟ್ಟನೆ ಒಂದು ಉತ್ತರ ಬಂದರೆ ಆ ಸ್ಕೂಲ್ ಕಲಿಸಿದೆ. ಕಾರಿನ ವರ್ಣನೆ ಶುರುವಾದರೆ, ನನ್ನ ಕೆಂಪು ಕಾರಿನ ಕಥೆಯೇ.

ಐದನೆಯದು: ಅವರ ಕಾರೋ, ನಿಮ್ಮ ಕಾರೋ?

ಮೊದಲ ಸಲಕ್ಕೆ ಅವರ ಕಾರು. ಸಾಧ್ಯವಾದರೆ ಕಡಿಮೆ ಪವರ್ ಇರುವುದು. ಪವರ್ ಜಾಸ್ತಿ ಇದ್ದರೆ ತಿರುವಿನಲ್ಲಿ ಮಾಡಿದ ತಪ್ಪನ್ನು ನೇರ ರಸ್ತೆಯಲ್ಲಿ ಇಂಜಿನ್ ಮುಚ್ಚಿಹಾಕುತ್ತದೆ. ಸಣ್ಣ ಕಾರಿನಲ್ಲಿ ತಿರುವಿನಲ್ಲಿ ಕಳೆದ ವೇಗ ವಾಪಸ್ ಬರುವುದಿಲ್ಲ. ತಪ್ಪು ಎದ್ದು ಕಾಣುತ್ತದೆ.

ನಿಮ್ಮ ಕಾರನ್ನೇ ಒಯ್ಯುವುದಾದರೆ ಬ್ರೇಕ್ ಕಡೆ ಗಮನ ಕೊಡಿ. ಬ್ರೇಕಿಗೆ ಬೀಳುವ ಕೆಲಸ ವೇಗದ ವರ್ಗದ ಲೆಕ್ಕದಲ್ಲಿ ಏರುತ್ತದೆ. 100ರಿಂದ ನಿಲ್ಲಿಸುವುದಕ್ಕಿಂತ 140ರಿಂದ ನಿಲ್ಲಿಸಲು ಹೆಚ್ಚುಕಡಿಮೆ ಎರಡು ಪಟ್ಟು ಶಕ್ತಿ ಕರಗಬೇಕು. ಅದೆಲ್ಲ ಬಿಸಿಯಾಗಿ ಡಿಸ್ಕಿಗೆ, ಅಲ್ಲಿಂದ ಬ್ರೇಕ್ ಆಯಿಲ್‌ಗೆ ಹೋಗುತ್ತದೆ. ಡಾಟ್ 4 ಅನ್ನುವ ದರ್ಜೆಯ ಬ್ರೇಕ್ ಆಯಿಲ್ ಹೊಸದಾಗಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಅಂತ ನಿಯಮ. ಅದು ಗಾಳಿಯ ತೇವ ಹೀರಿಕೊಳ್ಳುತ್ತದೆ. ತೇವ ಕುಡಿದ ಆಯಿಲ್‌ಗೆ ಇರುವ ಮಿತಿ 155 ಡಿಗ್ರಿ. ಕುದಿದರೆ ಒಳಗೆ ಗುಳ್ಳೆ ಏಳುತ್ತದೆ, ಪೆಡಲ್ ಮೆತ್ತಗಾಗಿ ಕೆಳಗೆ ಹೋಗುತ್ತದೆ, ಕಾರು ನಿಲ್ಲುವುದಿಲ್ಲ. ಎರಡು ವರ್ಷದ ಹಳೇ ಆಯಿಲ್ ಇಟ್ಟುಕೊಂಡು ಟ್ರ್ಯಾಕಿಗೆ ಇಳಿಯಬೇಡಿ. ಹೊಸದು ಹಾಕಿಸಿ. ಪ್ಯಾಡ್ ಅರ್ಧಕ್ಕಿಂತ ಸವೆದಿದ್ದರೆ ಅದನ್ನೂ ಬದಲಾಯಿಸಿ.

ಇನ್ಶೂರೆನ್ಸ್ ಪಾಲಿಸಿ ತೆಗೆದು ಸಣ್ಣ ಅಕ್ಷರ ಓದಿ. ಸಾಮಾನ್ಯ ಪಾಲಿಸಿಗಳಲ್ಲಿ ಹೆಚ್ಚಿನವು ಟ್ರ್ಯಾಕ್ ಮೇಲೆ ಆದ ಹಾನಿಗೆ ದುಡ್ಡು ಕೊಡುವುದಿಲ್ಲ. ಸ್ಕೂಲಿನ ಕಾರಿಗೆ ಪೆಟ್ಟಾದರೆ ನೀವು ಎಷ್ಟು ಕಟ್ಟಬೇಕು ಅನ್ನುವುದನ್ನೂ ಸಹಿ ಹಾಕುವ ಮುಂಚೆ ಬರಹದಲ್ಲಿ ಕೇಳಿ.

ಆರನೆಯದು: ಸುರಕ್ಷತೆಯ ಮೇಲೆ ಒಂದು ಕಣ್ಣು

ಸಾಧ್ಯವಾದರೆ ಒಂದು ದಿನ ಸುಮ್ನೆ ಹೋಗಿ ನೋಡಿಬನ್ನಿ. ಆಂಬುಲೆನ್ಸ್ ನಿಂತಿದೆಯಾ? ತಿರುವುಗಳಲ್ಲಿ ಬಾವುಟ ಹಿಡಿದವರು ಇದ್ದಾರಾ? ಹಳದಿ ಬಾವುಟ ಅಂದರೆ ಮುಂದೆ ಅಪಾಯ ಇದೆ, ಓವರ್‌ಟೇಕ್ ಬೇಡ. ಕೆಂಪು ಅಂದರೆ ಸೆಷನ್ ನಿಂತಿತು. ಬೆಳಗಿನ ಪಾಠದಲ್ಲಿ ಇದನ್ನು ಬಿಡಿಸಿ ಹೇಳದ ಸ್ಕೂಲಿನಲ್ಲಿ ಕಾರಿನೊಳಗೆ ಕೂರಲೇಬೇಡಿ. ಓವರ್‌ಟೇಕ್ ಎಲ್ಲಿ ಮಾಡಬಹುದು ಅನ್ನುವ ನಿಯಮವೂ ಖಡಕ್ಕಾಗಿರಬೇಕು. ಮುಂದಿನವರು ಕೈ ತೋರಿಸಿ ದಾರಿ ಬಿಟ್ಟ ಮೇಲೇ ದಾಟುವ ಪದ್ಧತಿ ಹೊಸಬರಿಗೆ ಒಳ್ಳೆಯದು.

ಹೆಲ್ಮೆಟ್ ಅವರದ್ದಾದರೂ ಒಳಗಿನ ಸ್ಟಿಕ್ಕರ್ ನೋಡಿ. ಹೆಲ್ಮೆಟ್ ಪರೀಕ್ಷೆಯ ಮಾನದಂಡ ರೂಪಿಸುವ ಸ್ನೆಲ್ ಸಂಸ್ಥೆಯ ಗುರುತಿನಲ್ಲಿ 'ಎಂ' ಅಂದರೆ ಬೈಕಿಗೆ, 'ಎಸ್‌ಎ' ಅಂದರೆ ಕಾರ್ ರೇಸಿಗೆ. ಎಸ್‌ಎ ಹೆಲ್ಮೆಟನ್ನು ಬೆಂಕಿಗೆ ಒಡ್ಡಿಯೂ, ಕಾರು ಮಗುಚಿದರೆ ಒಳಗಿನವರನ್ನು ಕಾಯುವ ಲೋಹದ ಕೊಳವೆಗೆ, ಅಂದರೆ ರೋಲ್ ಬಾರ್‌ಗೆ ತಲೆ ಬಡಿದರೆ ಏನಾಗುತ್ತದೆ ಅಂತಲೂ ಪರೀಕ್ಷಿಸಿರುತ್ತಾರೆ.

ಕೊನೆಯದು: ಆ ದಿನ

ಹಿಂದಿನ ರಾತ್ರಿ ನಿದ್ದೆ ಮಾಡಿ. ತೆಳು ಅಡಿಯ ಶೂ ಹಾಕಿ, ಪೆಡಲ್ ಕಾಲಿಗೆ ತಿಳಿಯಬೇಕು. ಮೊದಲ ಸೆಷನ್ನಿನಲ್ಲಿ ನೀವು ನಿಮ್ಮ ಮಾಮೂಲಿ ವೇಗಕ್ಕಿಂತ ನಿಧಾನ ಆಗುತ್ತೀರಿ, ಗಾಬರಿ ಬೇಡ. ಹೊಸ ಅಭ್ಯಾಸ ಕೂರುವ ತನಕ ಹಾಗೇ. ಮಧ್ಯಾಹ್ನ ಸುಸ್ತಾದರೆ ಕೊನೆಯ ಸೆಷನ್ ಬಿಟ್ಟುಬಿಡಿ. ದುಡ್ಡು ಕೊಟ್ಟಿದ್ದೇವಲ್ಲ ಅಂತ ಇಳಿಯುವವರೇ ಸಾಮಾನ್ಯವಾಗಿ ಟ್ರ್ಯಾಕ್ ಬಿಟ್ಟು ಪಕ್ಕದ ಮರಳಿನಲ್ಲಿ ಸಿಕ್ಕಿಕೊಳ್ಳುವುದು.

ಸೆಷನ್ ಮುಗಿಸಿ ಒಳಗೆ ಬಂದಾಗ ಹ್ಯಾಂಡ್‌ಬ್ರೇಕ್ ಎಳೆಯಬೇಡಿ. ಬಿಸಿ ಡಿಸ್ಕಿಗೆ ಪ್ಯಾಡ್ ಒತ್ತಿ ಹಿಡಿದು ನಿಲ್ಲಿಸುವುದು ಒಳ್ಳೆಯದಲ್ಲ. ಗೇರಿನಲ್ಲಿ ಹಾಕಿ, ಚಕ್ರಕ್ಕೆ ಒಂದು ಅಡ್ಡ ಇಡಿ. ಹೊರಡುವ ಮುಂಚೆ ಇಂಜಿನ್ ಆಯಿಲ್ ನೋಡಿ, ಟೈರಿನ ಗಾಳಿ ನೋಡಿ, ವೀಲ್ ನಟ್ ಬಿಗಿ ಇವೆಯಾ ಅಂತ ಸ್ಪ್ಯಾನರ್ ಹಾಕಿ ನೋಡಿ. ಆಮೇಲೆ ಅರ್ಧ ಗಂಟೆ ಸುಮ್ನೆ ಕೂತು, ಇವತ್ತು ಇನ್‌ಸ್ಟ್ರಕ್ಟರ್ ಹೇಳಿದ್ದನ್ನು ನಿಮ್ಮ ಮಾತಿನಲ್ಲಿ ಪುಸ್ತಕದಲ್ಲಿ ಬರೆಯಿರಿ. ದಿನವಿಡೀ ಟ್ರ್ಯಾಕಿನಲ್ಲಿದ್ದ ಕಣ್ಣಿಗೆ 80 ಕಿ.ಮೀ. ವೇಗ ನಡೆದುಕೊಂಡು ಹೋದ ಹಾಗೆ ಅನ್ನಿಸುತ್ತಿರುತ್ತದೆ. ಅದು ಇಳಿದ ಮೇಲೆ ಮನೆಯ ದಾರಿ ಹಿಡಿಯಿರಿ.