ಸಿಗಡಿ ಹೊಂಡಕ್ಕೂ ಹೆಪ್ಪು ಬೇಕು: ಪ್ರೊಬಯಾಟಿಕ್ ಬಳಸುವ ಕ್ರಮ

ಹೊಂಡದಲ್ಲಿ ಗಾಳಿ ತಳ್ಳಿದ ಮೂಲೆಗೆ, ಸಿಗಡಿಗೆ ರೋಗ ಹತ್ತಿದ ಗುರುತಾಗಿ, ಬಿಳಿ ದಾರದಂಥ ಹಿಕ್ಕೆ ಬಂದು ಸೇರಿದ ದಿನ ಸಿಗಡಿ ಕೃಷಿಕರು ಕೇಳುವ ಪ್ರಶ್ನೆ ಒಂದೇ: "ಈಗ ಯಾವ ಪ್ರೊಬಯಾಟಿಕ್ ಹಾಕಲಿ?" ಆ ಹೊತ್ತಿಗೆ ಈ ಪ್ರಶ್ನೆಗೆ ಒಳ್ಳೆಯ ಉತ್ತರವಿಲ್ಲ. ಪ್ರೊಬಯಾಟಿಕ್ ಎಂದರೆ ಔಷಧಿಯಲ್ಲ, ಜೀವಂತ ಬ್ಯಾಕ್ಟೀರಿಯಾ. ಅದು ಹೊಂಡದಲ್ಲಿ ಬೇರೂರಿ ಬೆಳೆದು ನಿಲ್ಲಬೇಕು, ಅದಕ್ಕೆ ದಿನಗಳು ಬೇಕು. ಕುಮಟಾ, ಅಂಕೋಲಾ, ಕುಂದಾಪುರದ ಕಡೆ ಹೊಂಡ ಮಾಡುವವರು ಪ್ಯಾಕೆಟ್ಟುಗಳಿಗೆ ಸುರಿಯುವ ದುಡ್ಡು ನೋಡಿದಾಗ ನನಗೆ ಸಂಕಟವಾಗುವುದು ಇದಕ್ಕೇ. ಸರಿಯಾದ ವಸ್ತುವನ್ನೇ ಕೊಂಡಿರುತ್ತಾರೆ, ಹಾಕುವುದು ಮಾತ್ರ ತಡವಾಗಿ.

ಇನ್ನೊಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. 1990ರ ದಶಕದ ನಡುವಿನಲ್ಲಿ ನಮ್ಮ ಕರಾವಳಿಯ ಸಿಗಡಿ ಕೃಷಿಯನ್ನು ಮಲಗಿಸಿದ ಬಿಳಿ ಚುಕ್ಕೆ ರೋಗ ವೈರಸ್ಸಿನಿಂದ ಬರುವಂಥದ್ದು. ಯಾವ ಪ್ರೊಬಯಾಟಿಕ್ಕೂ ಅದನ್ನು ಗುಣಪಡಿಸುವುದಿಲ್ಲ. ಸಿಗಡಿ ಬೆಳೆಯದೆ ಕುಂಠಿತವಾಗುವಂತೆ ಮಾಡುವ ಇಎಚ್‌ಪಿ ಎಂಬ ಸೂಕ್ಷ್ಮ ಪರಾವಲಂಬಿಗೂ ಇದು ಮದ್ದಲ್ಲ. ಪ್ರೊಬಯಾಟಿಕ್ಕಿನ ನಿಜವಾದ ಎದುರಾಳಿ ವಿಬ್ರಿಯೊ ಜಾತಿಯ ಬ್ಯಾಕ್ಟೀರಿಯಾ, ಜೊತೆಗೆ ತಳದಲ್ಲಿ ಕೊಳೆಯುವ ಕೆಸರು. ಬಹಳಷ್ಟು ರೋಗ ಶುರುವಾಗುವುದು ಈ ಎರಡರಿಂದ.

ಮೊದಲ ಹಂತ: ಹೊಂಡ ಖಾಲಿ ಇರುವಾಗ

ಹಿಂದಿನ ಬೆಳೆಯ ಕಪ್ಪು ಕೆಸರನ್ನು ಎತ್ತಿ ಹಾಕಿ, ತಳ ಬಿರುಕು ಬಿಡುವವರೆಗೆ ಒಣಗಿಸಿ. ಕಳೆದ ಬೆಳೆಯಲ್ಲಿ ಇಎಚ್‌ಪಿ ಕಾಣಿಸಿದ್ದರೆ ಎಕರೆಗೆ ಸುಮಾರು 2.4 ಟನ್ ಸುಟ್ಟ ಸುಣ್ಣವನ್ನು ಮಣ್ಣಿಗೆ ಬೆರೆಸಿ ಉಳುಮೆ ಮಾಡಿ, ನೀರು ಚಿಮುಕಿಸಿ, ಮಣ್ಣಿನ ಪಿಎಚ್ 12ರವರೆಗೆ ಏರಿಸಬೇಕು. ಅದರ ಬೀಜಾಣು ಸುಲಭಕ್ಕೆ ಸಾಯುವುದಿಲ್ಲ.

ಆಮೇಲೆ ನೀರು ತುಂಬಿ ಬ್ಲೀಚಿಂಗ್ ಪೌಡರ್ ಹಾಕುತ್ತೀರಿ. ನಾಲ್ಕು ಅಡಿ ನೀರಿರುವ ಒಂದು ಎಕರೆ ಹೊಂಡಕ್ಕೆ 60 ಪಿಪಿಎಂ (ಹತ್ತು ಲಕ್ಷ ಭಾಗ ನೀರಿಗೆ 60 ಭಾಗ) ಎಂದರೆ ಹತ್ತಿರ ಹತ್ತಿರ 296 ಕೆಜಿ. ನಮ್ಮವರು ಎಡವುವುದು ಇದರ ನಂತರ. ಕ್ಲೋರಿನ್ ಕೆಟ್ಟದ್ದನ್ನೂ ಕೊಲ್ಲುತ್ತದೆ, ಒಳ್ಳೆಯದನ್ನೂ ಕೊಲ್ಲುತ್ತದೆ. ಗದ್ದೆಯನ್ನು ಸಪಾಟು ಮಾಡಿ ಬಿತ್ತದೆ ಬಿಟ್ಟರೆ ಮೊದಲು ಏಳುವುದು ಕಳೆ ತಾನೆ? ಹಾಗೆಯೇ ಖಾಲಿ ನೀರಿನಲ್ಲಿ ಎಲ್ಲಕ್ಕಿಂತ ಬೇಗ ಎದ್ದು ನಿಲ್ಲುವುದು ವಿಬ್ರಿಯೊ. ಆದ್ದರಿಂದ ಕ್ಲೋರಿನ್ ಪೂರ್ತಿ ಹೋಯಿತೆಂದು ಕಿಟ್‌ನಲ್ಲಿ ಪರೀಕ್ಷಿಸಿ, ಅದು ಸೊನ್ನೆ ತೋರಿಸಿದ ದಿನವೇ ಮೊದಲ ಪ್ರೊಬಯಾಟಿಕ್ ಹಾಕಬೇಕು. ಮರಿ ಬಿಡುವುದಕ್ಕೆ ಇನ್ನೂ ವಾರ, ಹತ್ತು ದಿನ ಇದ್ದರೂ ಸರಿ.

ಎರಡನೆಯ ಹಂತ: ಯಾವುದನ್ನು ಕೊಳ್ಳುವುದು

ನೀರು ಮತ್ತು ತಳಕ್ಕೆ ಬ್ಯಾಸಿಲಸ್ ಗುಂಪಿನವು ಒಳ್ಳೆಯವು: ಸಬ್ಟಿಲಿಸ್, ಲೈಕೆನಿಫಾರ್ಮಿಸ್, ಪ್ಯೂಮಿಲಸ್. ಇವು ಬೀಜಾಣುವಾಗಿ ಪುಡಿಯಲ್ಲಿ ನಿದ್ದೆ ಹೋಗಿರುತ್ತವೆ, ಬಿಸಿಲಿನ ಊರಿನಲ್ಲೂ ತಿಂಗಳುಗಟ್ಟಲೆ ಬದುಕುತ್ತವೆ. ಹೊಟ್ಟೆಗೆ ಕೊಡಲು ಬ್ಯಾಸಿಲಸ್, ಲ್ಯಾಕ್ಟೊಬ್ಯಾಸಿಲಸ್ ಅಥವಾ ಯೀಸ್ಟ್. ಲೇಬಲ್ಲಿನಲ್ಲಿ ನಾಲ್ಕು ವಿಷಯ ನೋಡಿ: ಬ್ಯಾಕ್ಟೀರಿಯಾದ ಹೆಸರು, ಒಂದು ಗ್ರಾಂಗೆ ಎಷ್ಟು ಕೋಟಿ, ಅವಧಿ ಮುಗಿಯುವ ತಾರೀಖು, ಕೋಸ್ಟಲ್ ಅಕ್ವಾಕಲ್ಚರ್ ಅಥಾರಿಟಿಯ ನೋಂದಣಿ. "ವಿಶೇಷ ಸೂಕ್ಷ್ಮಾಣು ಮಿಶ್ರಣ" ಎಂದಷ್ಟೇ ಬರೆದ ಡಬ್ಬಿಯನ್ನು ಅಂಗಡಿಯಲ್ಲೇ ಬಿಟ್ಟು ಬನ್ನಿ. ಅದರೊಳಗೆ ನಿಷೇಧಿತ ಆಂಟಿಬಯಾಟಿಕ್ ಸೇರಿದ್ದರೆ ನಿಮ್ಮ ಸರಕು ರಫ್ತಿನಲ್ಲಿ ತಿರಸ್ಕೃತವಾಗುತ್ತದೆ.

ಮೂರನೆಯ ಹಂತ: ಡ್ರಮ್ಮಿನಲ್ಲಿ ಹೆಪ್ಪು

ಒಂದು ಲೆಕ್ಕ ಹಾಕೋಣ. ಗ್ರಾಂಗೆ 100 ಕೋಟಿ ಬ್ಯಾಕ್ಟೀರಿಯಾ ಇರುವ ಪುಡಿ ಅರ್ಧ ಕೆಜಿಯನ್ನು ಒಂದು ಎಕರೆ ಹೊಂಡಕ್ಕೆ ನೇರ ಎರಚಿದರೆ ಪ್ರತಿ ಮಿಲಿಲೀಟರ್ ನೀರಿಗೆ ಸಿಗುವುದು ಬರೀ ನೂರರಷ್ಟು. ಒಂದು ಹೊಳೆ ಹಾಲಿಗೆ ಒಂದು ಚಮಚ ಮೊಸರು ಹಾಕಿದಂತೆ. ಅದಕ್ಕೇ ಮೊದಲು ಡ್ರಮ್ಮಿನಲ್ಲಿ ಎಬ್ಬಿಸಿ, ಬೆಳೆಸಿ, ಆಮೇಲೆ ಬಿಡುವುದು.

ಅಕ್ಕಿ ತೌಡು 10 ಕೆಜಿ ತೆಗೆದುಕೊಂಡು ನೀರಿನಲ್ಲಿ ಬೇಯಿಸಿ ಆರಿಸಿ. ಬೇಯಿಸದೆ ಹಾಕಿದರೆ ತೌಡಿನಲ್ಲಿರುವ ಊರಿನ ಬ್ಯಾಕ್ಟೀರಿಯಾಗಳೇ ಮೊದಲು ಬೆಳೆಯುತ್ತವೆ. ತೊಳೆದು ಒಣಗಿಸಿದ 200 ಲೀಟರ್ ಡ್ರಮ್ಮಿನಲ್ಲಿ ಕ್ಲೋರಿನ್ ಇಲ್ಲದ ಶುದ್ಧ ನೀರು 100 ಲೀಟರ್ ತುಂಬಿ, ಈ ತೌಡು, ಕರಗಿಸಿದ ಬೆಲ್ಲ 2ರಿಂದ 3 ಕೆಜಿ, ಲೇಬಲ್ ಹೇಳಿದಷ್ಟು ಪುಡಿ ಹಾಕಿ. ಏರ್ ಪಂಪಿನಿಂದ ಬಿಡದೆ ಗಾಳಿ ಕೊಡಿ. ನೆರಳಿನಲ್ಲಿಟ್ಟು ಬಾಯಿಗೆ ತೆಳು ಬಟ್ಟೆ ಕಟ್ಟಿ. 24 ಗಂಟೆಗೆ ಮೇಲೆ ನೊರೆ ಕಟ್ಟಿ, ದೋಸೆ ಹಿಟ್ಟು ಹುಳಿ ಬಂದಂಥ ಹದವಾದ ವಾಸನೆ ಬರಬೇಕು. ಕೊಳೆತ ಮೊಟ್ಟೆಯ ನಾತ ಬಂದರೆ ಗಾಳಿ ಸಾಲಲಿಲ್ಲ ಅಥವಾ ಡ್ರಮ್ಮಿಗೆ ಬೇರೇನೋ ಸೇರಿತು ಎಂದರ್ಥ. ಮನಸ್ಸು ಗಟ್ಟಿ ಮಾಡಿ ದೂರದ ಗುಂಡಿಗೆ ಚೆಲ್ಲಿ. ಉಳಿದ ದ್ರಾವಣದಿಂದಲೇ ಮುಂದಿನ ಬ್ಯಾಚಿಗೆ ಹೆಪ್ಪು ಹಾಕುವ ಅಭ್ಯಾಸ ಬೇಡ. ಮೊಸರಿಗೆ ನಡೆಯುತ್ತದೆ, ಇಲ್ಲಿ ಎರಡು ಮೂರು ಸುತ್ತಿಗೆ ಒಳಗಿರುವುದು ಯಾವ ಬ್ಯಾಕ್ಟೀರಿಯಾ ಎಂದು ಯಾರಿಗೂ ತಿಳಿಯದಂತಾಗುತ್ತದೆ.

ನಾಲ್ಕನೆಯ ಹಂತ: ಬಿಡುವ ಹೊತ್ತು

ಬಿಸಿಲು ಏರಿದ ಮೇಲೆ, ಬೆಳಿಗ್ಗೆ 9ರಿಂದ 11ರೊಳಗೆ, ನೀರಿಗೆ ಗಾಳಿ ಬೆರೆಸುವ ಏರೇಟರ್‌ಗಳೆಲ್ಲ ಓಡುತ್ತಿರುವಾಗ. ಬ್ಯಾಸಿಲಸ್ ಕೆಲಸ ಮಾಡುತ್ತಾ ಆಮ್ಲಜನಕ ತಿನ್ನುತ್ತದೆ. ಸಂಜೆ ಹಾಕಿದರೆ ನಸುಕಿನ ಹೊತ್ತಿಗೆ ಸಿಗಡಿ ಮೇಲೆ ಬಂದು ಬಾಯಿ ಬಿಡುವ ಸ್ಥಿತಿ ಬರಬಹುದು. ಆಮ್ಲಜನಕ 4 ಪಿಪಿಎಂಗಿಂತ ಕಡಿಮೆ ಇದ್ದರೆ, ಮೋಡ ಮುಚ್ಚಿದ್ದರೆ ಆ ದಿನ ಬಿಡಬೇಡಿ. ಜೋರು ಮಳೆ ಬಂದು ಪಿಎಚ್ ಇಳಿದಿದ್ದರೆ ಮೊದಲು ಕೃಷಿ ಸುಣ್ಣ, ಒಂದೆರಡು ದಿನ ಬಿಟ್ಟು ಪ್ರೊಬಯಾಟಿಕ್.

ಮರಿ ಬಿಟ್ಟ ಮೇಲೆ ವಾರಕ್ಕೊಮ್ಮೆ ತಪ್ಪದೆ ಹಾಕಿ. ಫೀಡ್ ಹೆಚ್ಚಾದ ಹಾಗೆ ಪ್ರಮಾಣವೂ ಏರಬೇಕು. ಸಿಗಡಿ ತಿಂದ ಫೀಡಿನ ಸಾರಜನಕದಲ್ಲಿ ಸುಮಾರು ಕಾಲು ಭಾಗ ಮಾತ್ರ ಅದರ ಮೈಗೆ ಹತ್ತುತ್ತದೆ, ಮಿಕ್ಕಿದ್ದು ನೀರಿಗೂ ತಳಕ್ಕೂ ಸೇರಿ, ಅದರಲ್ಲಿ ಬಹಳಷ್ಟು ಅಮೋನಿಯಾ ಆಗುತ್ತದೆ. ಚೆಕ್ ಟ್ರೇಯಲ್ಲಿ (ಸಿಗಡಿ ಎಷ್ಟು ತಿಂದಿತೆಂದು ನೋಡಲು ನೀರಿಗಿಳಿಸುವ ತಟ್ಟೆ) ಫೀಡ್ ಉಳಿಯುತ್ತಿರುವಾಗಲೂ ಕೈ ಬಿಗಿ ಹಿಡಿಯದವರಿಗೆ ಯಾವ ಬ್ಯಾಕ್ಟೀರಿಯಾವೂ ಸಹಾಯ ಮಾಡಲಾರದು.

ಅಯೋಡಿನ್, ಬಿಕೆಸಿಯಂಥ ಸೋಂಕುನಾಶಕ ಹಾಕಿದ ಮರುದಿನವೇ ಪ್ರೊಬಯಾಟಿಕ್ ಸುರಿಯುವುದನ್ನು ಎಷ್ಟೋ ಹೊಂಡಗಳಲ್ಲಿ ಕಂಡಿದ್ದೇನೆ. ವಿಷ ಹಾಕಿದ ಗದ್ದೆಗೆ ಬೀಜ ಬಿತ್ತಿದಂತೆ ಅದು. ಕನಿಷ್ಠ ಮೂರು ದಿನದ ಅಂತರವಿರಲಿ.

ಐದನೆಯ ಹಂತ: ಫೀಡಿನ ಜೊತೆ

ಕೆಜಿ ಫೀಡಿಗೆ 5ರಿಂದ 10 ಗ್ರಾಂ. ಪುಡಿಯನ್ನು ಸ್ವಲ್ಪ ನೀರಿನಲ್ಲಿ ಕಲಸಿ, ಫೀಡಿನ ಮೇಲೆ ಚಿಮುಕಿಸಿ, ಕೈಯಲ್ಲಿ ಮೆದುವಾಗಿ ಹೊರಳಿಸಿ. ಆಮೇಲೆ ಅಂಟು ದ್ರಾವಣ ಅಥವಾ ಮೊಟ್ಟೆಯ ಬಿಳಿ ಸವರಿ ನೆರಳಿನಲ್ಲಿ ಅರ್ಧ ಗಂಟೆ ಆರಿಸಿ. ಅಂಟು ಇಲ್ಲದಿದ್ದರೆ ಎಲ್ಲವೂ ನೀರಿನಲ್ಲಿ ತೊಳೆದುಹೋಗುತ್ತದೆ. ದಿನಕ್ಕೆ ಒಂದು ಹೊತ್ತಿನ ಫೀಡಿಗೆ ಸಾಕು.

ಆರನೆಯ ಹಂತ: ಕೆಲಸ ಆಗುತ್ತಿದೆಯೇ?

ವಾರಕ್ಕೊಮ್ಮೆ ನೀರನ್ನು ಲ್ಯಾಬಿಗೆ ಕೊಟ್ಟು ಟಿಸಿಬಿಎಸ್ ಪ್ಲೇಟಿನಲ್ಲಿ (ವಿಬ್ರಿಯೊ ಬೆಳೆಸಿ ನೋಡುವ ತಟ್ಟೆ) ವಿಬ್ರಿಯೊ ಎಣಿಸಿ. ಹಸಿರು ಚುಕ್ಕೆಗಳು ವಾರದಿಂದ ವಾರಕ್ಕೆ ಏರುತ್ತಿದ್ದರೆ ಎಚ್ಚರ. ಹಳದಿ ಎಂದರೆ ನಿಶ್ಚಿಂತೆ ಎಂದೂ ತಿಳಿಯಬೇಡಿ, ರೋಗ ತರುವ ಕೆಲವು ಜಾತಿಗಳೂ ಹಳದಿಯಾಗಿ ಬೆಳೆಯುತ್ತವೆ. ದಿನವೂ ಚೆಕ್ ಟ್ರೇಯಿಂದ ನಾಲ್ಕು ಸಿಗಡಿ ಎತ್ತಿ ಬೆಳಕಿಗೆ ಹಿಡಿದು ನೋಡಿ. ಬೆನ್ನಿನ ಗುಂಟ ಕರುಳು ಕಪ್ಪುಕಂದಾಗಿ ತುಂಬಿರಬೇಕು, ತಲೆಯೊಳಗಿನ ಜೀರ್ಣಗ್ರಂಥಿ ದಪ್ಪಗೆ ಕಂದು ಬಣ್ಣದ್ದಿರಬೇಕು. ಅದು ಬಿಳಿಚಿ ಸಣ್ಣದಾಗಿದ್ದರೆ ಅಂದೇ ಫೀಡ್ ಅರ್ಧಕ್ಕಿಳಿಸಿ, ತಳದ ಕೆಸರು ಹೊರಹಾಕಿ, ಲ್ಯಾಬಿಗೆ ಸಿಗಡಿ ಕಳುಹಿಸಿ.

ಚಿಪ್ಪಿನ ಮೇಲೆ ಬಿಳಿ ಚುಕ್ಕೆ ಕಂಡು, ಸಿಗಡಿ ಅಂಚಿಗೆ ಬಂದು ಸಾಯುತ್ತಿದ್ದರೆ ಪ್ರೊಬಯಾಟಿಕ್ ನಿಲ್ಲಿಸಿ, ವೈರಸ್ ಇದೆಯೇ ಎಂದು ತಿಳಿಯಲು ಲ್ಯಾಬಿನಲ್ಲಿ ಪಿಸಿಆರ್ ಪರೀಕ್ಷೆ ಮಾಡಿಸಿ. ತೂಬು ತೆಗೆಯಬೇಡಿ. ನಮ್ಮ ಗಜನಿಗಳಲ್ಲಿ (ಉಬ್ಬರದ ಉಪ್ಪುನೀರು ಹತ್ತುವ ತಗ್ಗು ಗದ್ದೆಗಳು) ಒಬ್ಬರು ಬಿಟ್ಟ ನೀರನ್ನೇ ಮುಂದಿನ ಉಬ್ಬರಕ್ಕೆ ಪಕ್ಕದವರು ತುಂಬಿಕೊಳ್ಳುತ್ತಾರೆ. ಬ್ಲೀಚಿಂಗ್ ಹಾಕಿ ನೀರು ಅಲ್ಲೇ ನಿಲ್ಲಿಸಿ, ಅದೇ ಕೋಡಿಯಿಂದ ನೀರು ತೆಗೆದುಕೊಳ್ಳುವ ಎಲ್ಲರಿಗೂ ಅದೇ ದಿನ ಫೋನ್ ಮಾಡಿ ಹೇಳಿ.