ಕಲಬುರಗಿಯಂಥ ಊರಲ್ಲಿ ಸೈಬರ್ ಸುರಕ್ಷತೆ ಸಮ್ಮೇಳನ ಮಾಡೋದು ಹೇಗೆ

ನಾನು ಕಲಬುರಗಿಯ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಮಾಡುತ್ತೇನೆ. ಮೊದಲ ಸಲ ಸೈಬರ್ ಸುರಕ್ಷತೆ ಸಮ್ಮೇಳನ ಮಾಡಿದಾಗ ವಿಷಯಗಳನ್ನೆಲ್ಲ ದೊಡ್ಡ ಊರುಗಳ ಸಮ್ಮೇಳನ ನೋಡಿ ಆರಿಸಿದ್ದೆ. ಗೋವಾದಲ್ಲಿ 2010ರಿಂದ ನಲ್‌ಕಾನ್ ನಡೆಯುತ್ತಿದೆ, ಕೇರಳ ಪೊಲೀಸರು ಕೊಕೊನ್ ನಡೆಸುತ್ತಾರೆ. ಅಲ್ಲಿಯ ಮಾತು ಕ್ಲೌಡ್, ರ‍್ಯಾನ್ಸಮ್‌ವೇರ್, ಕೃತಕ ಬುದ್ಧಿಮತ್ತೆ. ಅದನ್ನೇ ತಂದು ಇಲ್ಲಿ ಇಟ್ಟೆ. ಊಟ ಆದ ಮೇಲೆ ಅರ್ಧ ಹಾಲ್ ಖಾಲಿ. ಸಂಜೆ ಕುರ್ಚಿ ಎತ್ತಿಡುವಾಗ ಒಬ್ಬ ಜವಾನ ಕಾಕಾ ಮೊಬೈಲ್ ಹಿಡಿದುಕೊಂಡು ಬಂದರು. "ಮೇಡಂರೀ, ಮದುವಿ ಕಾರ್ಡ್ ಅಂತ ಬಂದಿತ್ತು. ಒತ್ತೀನಿ. ರೊಕ್ಕ ಹೋಗ್ಯಾವ ನೋಡ್ರಿ." ಬೆಳಿಗ್ಗೆಯಿಂದ ಆ ಹಾಲ್‌ನಲ್ಲಿ ಎಪಿಕೆ, ಅಂದರೆ ಒತ್ತಿದರೆ ಫೋನಿಗೆ ಆ್ಯಪ್ ಹಾಕುವ ಫೈಲ್, ಅನ್ನುವ ಮಾತನ್ನು ಯಾರೂ ಎತ್ತಿರಲಿಲ್ಲ.

ಎರಡನೇ ಸಲ ಊರಿನಿಂದಲೇ ಶುರು ಮಾಡಿದೆ. ನೀವೂ ಹಾಗೇ ಮಾಡಿ.

ಸಮ್ಮೇಳನಕ್ಕೆ ಮೂರು ವಾರ ಇರುವಾಗ ವಿದ್ಯಾರ್ಥಿಗಳ ಕೈಗೆ ಒಂದು ನೋಟ್‌ಬುಕ್ ಕೊಟ್ಟು ಕಳಿಸಿ. ನಮ್ಮವರು ಸೂಪರ್ ಮಾರ್ಕೆಟ್ ಅಂಗಡಿಗಳಿಗೆ, ಗಂಜ್‌ನ ಅಡತಿಗಳಿಗೆ, ದಾಲ್ ಮಿಲ್ ಆಫೀಸುಗಳಿಗೆ, ಹಳ್ಳಿಯ ಗ್ರಾಮ ಒನ್ ಕೇಂದ್ರಗಳಿಗೆ ಹೋದರು. ಕೇಳಬೇಕಾದ್ದು ಒಂದೇ: "ನಿಮ್ಮ ಓಣ್ಯಾಗ ಯಾರಿಗರೆ ಫೋನಿನಿಂದ ಮೋಸ ಆಗ್ಯಾದೇನ್ರಿ?" ಹೆಸರು, ನಂಬರ್ ಏನೂ ಬರೆದುಕೊಳ್ಳಬಾರದು. ಹೇಗಾಯಿತು ಅನ್ನುವುದಷ್ಟೇ ಸಾಕು. ನಮ್ಮ ಸಮ್ಮೇಳನದ ವಿಷಯಗಳೆಲ್ಲ ಆ ನೋಟ್‌ಬುಕ್‌ನಿಂದಲೇ ಬಂದವು.

ದಿನ ಆರಿಸುವಾಗ ಹುಷಾರು. ಏಪ್ರಿಲ್, ಮೇ ಬೇಡ. ಈ ಬಿಸಿಲಿಗೆ ಯಾರು ಬರುತ್ತಾರೆ? ಡಿಸೆಂಬರ್, ಜನವರಿಯಲ್ಲಿ ತೊಗರಿ ರಾಶಿ, ರೈತರೂ ಬರಲ್ಲ, ಗಂಜ್‌ನವರೂ ಬರಲ್ಲ. ಅಕ್ಟೋಬರ್ ಒಳ್ಳೆಯದು. ಅದು ಸೈಬರ್ ಜಾಗೃತಿ ತಿಂಗಳು ಕೂಡ. ಪ್ರತಿ ತಿಂಗಳ ಮೊದಲ ಬುಧವಾರ ಸೈಬರ್ ಜಾಗೃತಿ ದಿನ ಮಾಡಿ ಅಂತ ಕೇಂದ್ರ ಗೃಹ ಇಲಾಖೆ ಹೇಳಿದೆ. ಆ ದಿನ ಇಟ್ಟುಕೊಂಡರೆ ಪ್ರಿನ್ಸಿಪಾಲರ ಒಪ್ಪಿಗೆ ಸುಲಭ.

ಭಾಷಣಕಾರರಿಗೆ ದೂರ ಹೋಗಬೇಡಿ. ಸೈಬರ್ ಅಪರಾಧ ನೋಡಿಕೊಳ್ಳುವ ಜಿಲ್ಲೆಯ ಸೆನ್ ಪೊಲೀಸ್ ಠಾಣೆಗೆ ಪತ್ರ ಕೊಡಿ. ಒಬ್ಬ ಬ್ಯಾಂಕ್ ಮ್ಯಾನೇಜರ್, ಒಬ್ಬ ಗ್ರಾಮ ಒನ್ ಆಪರೇಟರ್ ಇರಲಿ. ತಾಂತ್ರಿಕ ಮಾತು ಬೇಕೇ ಬೇಕು ಅಂದರೆ ಬೆಂಗಳೂರಿನ ಐಐಎಸ್ಸಿಯಲ್ಲಿ ರಾಜ್ಯ ಸರ್ಕಾರದ ಸೈಬರ್ ಸುರಕ್ಷತೆ ಕೇಂದ್ರ ಸೈಸೆಕ್ ಇದೆ, ಅವರಿಗೆ ಬರೆಯಿರಿ. ಎಲ್ಲರಿಗೂ ಒಂದೇ ಷರತ್ತು: ಮಾತು ಇಪ್ಪತ್ತು ನಿಮಿಷ, ಕನ್ನಡದಲ್ಲಿ. ಇಲ್ಲಿ ಉರ್ದು, ಹಿಂದಿ ಮಾತಾಡುವವರೂ ಜಾಸ್ತಿ, ಹಾಗಾಗಿ ಪ್ರಶ್ನೆ ಯಾವ ಭಾಷೆಯಲ್ಲಿ ಬಂದರೂ ಉತ್ತರ ಕೊಡಬೇಕು.

ಬೆಳಿಗ್ಗೆ ಮೊದಲು ಮದುವೆ ಕಾರ್ಡ್ ತೋರಿಸಿ. ಇದಕ್ಕೆ ಭಾಷಣ ಬೇಡ, ಪ್ರಯೋಗ ಬೇಕು. ಯಾವ ಬ್ಯಾಂಕ್ ಖಾತೆಯೂ ಇಲ್ಲದ ಹಳೆಯ ಫೋನ್, ಅದಕ್ಕೊಂದು ಹೊಸ ಸಿಮ್. ನಮ್ಮ ಹುಡುಗರು ಫೋನಿಗೆ ಬಂದ ಮೆಸೇಜನ್ನು ಬೇರೆ ಕಡೆ ತೋರಿಸುವುದಷ್ಟೇ ಕೆಲಸ ಇರುವ ಒಂದು ಚಿಕ್ಕ ಆ್ಯಪ್ ಮಾಡಿ, ಅದಕ್ಕೆ ಮದುವೆ ಕಾರ್ಡ್ ಅಂತ ಹೆಸರಿಟ್ಟಿದ್ದರು. ಫೋನಿನ ಪರದೆ ದೊಡ್ಡದಾಗಿ ಗೋಡೆಯ ಮೇಲೆ. ಕಾರ್ಡ್ ಒತ್ತಿದರೆ ಇನ್‌ಸ್ಟಾಲ್ ಮಾಡಲಾ ಅಂತ ಕೇಳಿತು. ಅಲ್ಲಿ ನಿಲ್ಲಿಸಿ ಹೇಳಿದೆ: ನಿಜವಾದ ಕಾರ್ಡ್ ಫೋಟೋ ಇರುತ್ತದೆ ಇಲ್ಲವೇ ಪಿಡಿಎಫ್ ಇರುತ್ತದೆ, ಅದು ಇನ್‌ಸ್ಟಾಲ್ ಅನ್ನಲ್ಲ. ಮುಂದೆ ಒತ್ತಿದೆವು. ಎಸ್‌ಎಂಎಸ್ ಓದಲು ಅನುಮತಿ ಕೇಳಿತು, ಕೊಟ್ಟೆವು. ಹಿಂದಿನ ಸಾಲಿನಿಂದ ಒಬ್ಬಳು ಆ ಸಿಮ್‌ಗೆ ಆರು ಅಂಕಿಯ ಸುಳ್ಳು ಓಟಿಪಿ ಕಳಿಸಿದಳು. ಫೋನ್ ಮೇಜಿನ ಮೇಲಿತ್ತು, ಯಾರೂ ಮುಟ್ಟಿರಲಿಲ್ಲ. ಅದೇ ಆರು ಅಂಕಿ ವೇದಿಕೆಯ ಇನ್ನೊಂದು ತುದಿಯ ಲ್ಯಾಪ್‌ಟಾಪ್‌ನಲ್ಲಿ ಮೂಡಿತು. "ಯವ್ವಾ, ನಾ ಯಾರಿಗೂ ಓಟಿಪಿ ಹೇಳೇ ಇಲ್ಲಲ್ಲ ಅಂತಿದ್ದೆ!" ಅಂತ ಮುಂದಿನ ಸಾಲಿನ ಒಬ್ಬ ಕಾಕು ಜೋರಾಗಿ ಅಂದರು. ಆ ಆ್ಯಪನ್ನು ಎಲ್ಲರ ಎದುರಿಗೇ ಅಳಿಸಿ. ಆಮೇಲೆ ಏನು ಮಾಡಬೇಕು ಅಂತ ಹೇಳಿ: ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕು, ಸಿಮ್ ತೆಗೆ, ಬೇರೆ ಫೋನಿನಿಂದ ಸೈಬರ್ ಮೋಸದ ಸಹಾಯವಾಣಿ 1930ಕ್ಕೂ ಬ್ಯಾಂಕಿಗೂ ಕರೆ ಮಾಡು.

1930ಕ್ಕೆ ಕರೆ ಮಾಡುವುದನ್ನೂ ಅಭ್ಯಾಸ ಮಾಡಿಸಿ. ಕದ್ದ ದುಡ್ಡು ಒಂದು ಖಾತೆಯಿಂದ ಇನ್ನೊಂದಕ್ಕೆ ಓಡುತ್ತಿರುತ್ತದೆ. ಮೊದಲ ಗಂಟೆಯೊಳಗೆ ಹೇಳಿದರೆ ತಡೆಹಿಡಿಯುವ ಅವಕಾಶ ಜಾಸ್ತಿ. ಒಬ್ಬ ವಿದ್ಯಾರ್ಥಿ ಆಪರೇಟರ್ ಆಗಲಿ, ಸಭೆಯಿಂದ ಬಂದವರು ದೂರು ಕೊಡಲಿ. ಯಾವ ಬ್ಯಾಂಕ್, ಎಷ್ಟು ದುಡ್ಡು, ಎಷ್ಟು ಹೊತ್ತಿಗೆ, ಯುಪಿಐ ಆದರೆ ಆ ವಹಿವಾಟಿನ ಗುರುತಾದ 12 ಅಂಕಿಯ ಯುಟಿಆರ್ ನಂಬರ್ ಯಾವುದು. ಆ ನಂಬರ್ ತಮ್ಮ ಫೋನಿನಲ್ಲಿ ಎಲ್ಲಿದೆ ಅಂತ ಎಲ್ಲರೂ ಅಲ್ಲೇ ಹುಡುಕಬೇಕು.

ಎರಡನೇ ವಿಷಯ ಹೆಬ್ಬೆಟ್ಟು. ಆಧಾರ್ ನಂಬರ್, ಬ್ಯಾಂಕಿನ ಹೆಸರು, ಬೆರಳಚ್ಚು ಇಷ್ಟಿದ್ದರೆ ಸಾಕು, ಆಧಾರ್ ಪಾವತಿಯಲ್ಲಿ ಓಟಿಪಿ ಇಲ್ಲದೆ ಖಾತೆಯಿಂದ ಒಂದು ಸಲಕ್ಕೆ 10,000 ರೂಪಾಯಿವರೆಗೆ ತೆಗೆಯಬಹುದು. ಕಾಗದದ ಮೇಲಿನ ಬೆರಳಚ್ಚನ್ನು ನಕಲು ಮಾಡಿ ಕದ್ದ ಪ್ರಕರಣಗಳು ನಡೆದಿವೆ. ಆಧಾರ್ ಆ್ಯಪ್‌ನಲ್ಲಿ ಬಯೋಮೆಟ್ರಿಕ್ (ಬೆರಳಚ್ಚು) ಲಾಕ್ ಮಾಡಿ ಅಂತ ಎಲ್ಲರೂ ಹೇಳುತ್ತಾರೆ. ನಮ್ಮ ಸಭೆಯಲ್ಲಿ ಒಬ್ಬ ಅವ್ವ ಎದ್ದು ನಿಂತು ಕೇಳಿದರು: "ಲಾಕ್ ಮಾಡಿದ್ರ ರೇಶನ್ ಹ್ಯಾಂಗ ತಗೊಳ್ಳಲವ್ವಾ?" ಸರಿಯಾದ ಪ್ರಶ್ನೆ. ಲಾಕ್ ಇದ್ದರೆ ರೇಶನ್ ಅಂಗಡಿಯಲ್ಲೂ ಹೆಬ್ಬೆಟ್ಟು ಒಪ್ಪಲ್ಲ, ಸ್ವಲ್ಪ ಹೊತ್ತು ಲಾಕ್ ತೆಗೆಯಬೇಕಾಗುತ್ತದೆ. ಸ್ಮಾರ್ಟ್‌ಫೋನ್ ಇಲ್ಲದವರಿಗೆ ಇದು ಕಷ್ಟ. ಅವರ ಖಾತೆಯ ಆಧಾರ್ ಪಾವತಿ ಸೌಲಭ್ಯವನ್ನೇ ಬಂದ್ ಮಾಡಿಸಲು ಬ್ಯಾಂಕಿಗೊಂದು ಅರ್ಜಿ ಬರೆದುಕೊಡಿ. ಆದರೆ ಹಳ್ಳಿಯಲ್ಲಿ ಹೆಬ್ಬೆಟ್ಟು ಒತ್ತಿಯೇ ಪಿಂಚಣಿ ತೆಗೆಯುವವರಿದ್ದರೆ ಅವರನ್ನು ಕೇಳದೆ ಮಾಡಬೇಡಿ.

ಪೊಲೀಸ್ ಅಂತ ವಿಡಿಯೋ ಕಾಲ್ ಮಾಡಿ ಹೆದರಿಸಿ ದುಡ್ಡು ಕೀಳುವ ಡಿಜಿಟಲ್ ಅರೆಸ್ಟ್ ಮೋಸದ ಬಗ್ಗೆ ಪೊಲೀಸರೇ ಮಾತಾಡಲಿ. ವಿಡಿಯೋ ಕಾಲ್‌ನಲ್ಲಿ ಬಂಧಿಸುವ ಕಾನೂನು ನಮ್ಮ ದೇಶದಲ್ಲಿ ಇಲ್ಲ ಅಂತ ಖಾಕಿ ಹಾಕಿದವರ ಬಾಯಿಂದ ಕೇಳಿದರೆ ನಿವೃತ್ತ ಮೇಷ್ಟ್ರುಗಳಿಗೆ ಧೈರ್ಯ ಬರುತ್ತದೆ.

ದಾಲ್ ಮಿಲ್ ಲೆಕ್ಕದವರಿಗೆ ಬೇರೆ ಕೋಣೆ ಕೊಡಿ. ನಮ್ಮ ಖಾತೆ ನಂಬರ್ ಬದಲಾಗಿದೆ ಅಂತ ವ್ಯಾಪಾರಿಯ ಹೆಸರಲ್ಲಿ ಮೇಲ್ ಬಂದರೆ, ಮೇಲ್‌ನಲ್ಲಿರುವ ನಂಬರ್‌ಗಲ್ಲ, ವಹಿಯಲ್ಲಿರುವ ಹಳೆಯ ನಂಬರ್‌ಗೆ ಫೋನ್ ಮಾಡಿ ಕೇಳಬೇಕು. ಬ್ಯಾಕಪ್, ಅಂದರೆ ಲೆಕ್ಕದ ಇನ್ನೊಂದು ಪ್ರತಿ ಬೇರೆ ಕಡೆ ಇಡುವ ಮಾತೂ ಅಲ್ಲೇ ಮುಗಿಸಿ.

ವಿದ್ಯಾರ್ಥಿಗಳ ವಿಷಯಕ್ಕೆ ನನಗೆ ಹೆಚ್ಚು ಸಂಕಟ. "ನಿನ್ನ ಖಾತೆ ಕೊಡು, ಕಮಿಷನ್ ಕೊಡ್ತೀನಿ" ಅಂತ ಯಾರೋ ಕೇಳುತ್ತಾರೆ. ಹುಡುಗರು ಪಾಸ್‌ಬುಕ್, ಎಟಿಎಂ, ಸಿಮ್ ಎಲ್ಲ ಕೊಟ್ಟುಬಿಡುತ್ತಾರೆ. ಕದ್ದ ದುಡ್ಡು ಆ ಖಾತೆಗೆ ಬರುತ್ತದೆ, ಪೊಲೀಸರು ಮೊದಲು ಅವರ ಮನೆ ಬಾಗಿಲಿಗೇ ಬರುತ್ತಾರೆ. ಇದನ್ನು ಊಟಕ್ಕೆ ಮುಂಚೆಯೇ ಇಟ್ಟುಕೊಳ್ಳಿ. ಆಗ ಹಾಲ್ ತುಂಬಿರುತ್ತದೆ.

ಮಧ್ಯಾಹ್ನ ಭಾಷಣ ಇಡಬೇಡಿ. ಜೋಳದ ರೊಟ್ಟಿ, ಶೇಂಗಾ ಹಿಂಡಿ ಊಟ ಆದ ಮೇಲೆ ಮೇಜು ಹಾಕಿ ಕೂರಿ. ಮೇಜಿಗೊಬ್ಬ ವಿದ್ಯಾರ್ಥಿ, ಎದುರಿಗೆ ಒಬ್ಬರು ಅವರದೇ ಫೋನ್ ಹಿಡಿದು. ವಿದ್ಯಾರ್ಥಿ ಬಾಯಲ್ಲಿ ಹೇಳಬೇಕು, ಫೋನ್ ಮುಟ್ಟಬಾರದು. ಸರ್ಕಾರದ ಸಂಚಾರ್ ಸಾಥಿ ಜಾಲತಾಣದಲ್ಲಿ ತಮ್ಮ ಹೆಸರಲ್ಲಿ ಎಷ್ಟು ಸಿಮ್ ಇವೆ ಅಂತ ನೋಡುವುದು, ಬೇಡದ ಆ್ಯಪ್‌ನಿಂದ ಎಸ್‌ಎಂಎಸ್ ಅನುಮತಿ ತೆಗೆಯುವುದು, 1930 ಸೇವ್ ಮಾಡುವುದು. ಮೊದಲ ವರ್ಷ ದುಡ್ಡು ಕಳೆದುಕೊಂಡ ಆ ಕಾಕಾ ಎರಡನೇ ವರ್ಷ ಬಾಗಿಲ ಹತ್ತಿರದ ಮೇಜಿನಲ್ಲಿ ಕೂತು, ಬಂದವರಿಗೆಲ್ಲ ತಮ್ಮ ಫೋನ್ ತೆರೆದು ಆ ಮದುವೆ ಕಾರ್ಡ್ ಮೆಸೇಜ್ ತೋರಿಸಿದರು. ಐದೂವರೆಗೆ ಹಾಲ್ ಬೀಗ ಹಾಕಬೇಕಿತ್ತು. ಅವರ ಮೇಜಿನ ಮುಂದೆ ಇನ್ನೂ ಸಾಲಿತ್ತು.